ಹತ್ತು ಅಂಕದ ಚೌಕ

ಬಿಳಿ ಬಣ್ಣ ಇನ್ನೂ ಆರಿಲ್ಲ, ಹಾರುವ ಯಂತ್ರ ಇಳಿಯಬೇಕಾದ ವೃತ್ತದ ಅಂಚಿನಲ್ಲಿ ಯಾರದೋ ಬೂಟಿನ ಅಚ್ಚು ಬಿದ್ದಿದೆ, ಪೇಂಟರ್ ಒಬ್ಬ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ಮತ್ತೆ ಬ್ರಷ್ ಎಳೆಯುತ್ತಿದ್ದಾನೆ, ಹನ್ನೊಂದು ಗಂಟೆಯ ಬಿಸಿಲಿಗೆ ಟರ್ಪಂಟೈನ್ ವಾಸನೆ ಸೀದಾ ಗಂಟಲಿಗಿಳಿಯುತ್ತದೆ, ಹಿಂದೆ ಆರು ಸಾಲು ಕುರ್ಚಿ, ಮುಂದೆ ಒಂದು ಸಾಲು ಸೋಫಾ, ಸೋಫಾದಲ್ಲಿ ಇಲಾಖೆಯ ದೊಡ್ಡವರ ಕತ್ತಿನ ಹಿಂಭಾಗಗಳು, ಒಂದೊಂದು ಕತ್ತಿಗೂ ಒಂದೊಂದು ಸೆಂಟು — ನಾನು ಕೈಪಿಡಿಗಳ ಮೇಲೆ ಕೂತಿದ್ದೇನೆ. ನನ್ನದೂ ಅಣ್ಣನದೂ. ಪ್ರತಿ ಕುರ್ಚಿಯ ಮೇಲೂ ಒಂದೊಂದು ಇಟ್ಟಿದ್ದರು, ನುಣುಪು ಕಾಗದ, ಮುಖಪುಟದಲ್ಲಿ ನೀಲಿ ಆಕಾಶ, ಆಕಾಶದಲ್ಲಿ ನಮ್ಮ ಕಂಪನಿಯ ಹಾರುವ ಆಂಬುಲೆನ್ಸು, ಒಳಗೆ ಮೂರನೇ ಪುಟದಲ್ಲಿ ಚಿತ್ರಕಾರ ಬರೆದ ಹೆಂಗಸು, ಸ್ಟ್ರೆಚರ್ ಮೇಲೆ ಮಲಗಿದ್ದಾಳೆ, ಗುಡ್ಡದಂಥ ಹೊಟ್ಟೆ, ಮುಖದ ತುಂಬ ನಗು. ಸಾಯುವವಳ ಮುಖದಲ್ಲಿ ನಗು ಯಾಕೆ ಬರೆದೆಯಪ್ಪಾ ಎಂದು ಆ ಚಿತ್ರಕಾರನನ್ನು ಯಾರೂ ಕೇಳಿಲ್ಲ, ಕೇಳಬೇಕಾದವನು ನಾನು, ಚಿತ್ರದ ಕೆಳಗಿನ ಮಾತು ನನ್ನದು. ಅಣ್ಣ ನೀರು ತರಲು ಎದ್ದುಹೋದಾಗ ಅವನ ಕುರ್ಚಿಯ ಮೇಲಿದ್ದದ್ದನ್ನು ಎಳೆದುಕೊಂಡು ನನ್ನದರ ಮೇಲೆ ಪೇರಿಸಿ ಕುಂಡೆ ಊರಿ ಕೂತೆ, ಮೂವತ್ತು ದಾಟಿದ ಗಂಡಸು, ಪರೀಕ್ಷೆಯಲ್ಲಿ ಚೀಟಿ ಬಚ್ಚಿಟ್ಟವನ ಹಾಗೆ, ಬೆವರಿಗೆ ನುಣುಪು ಕಾಗದ ಪ್ಯಾಂಟಿಗೆ ಅಂಟಿಕೊಂಡಿದೆ, ಅಲುಗಿದರೆ ಪಚಕ್ಕೆಂದು ಸದ್ದು.

ಅಣ್ಣ ಬಂದು ಪಕ್ಕದಲ್ಲಿ ಕೂತ, ಬಾಟಲಿ ಕೊಟ್ಟ, ಕುಡಿ, ಮುಖ ಯಾಕೆ ಹಂಗಾಗಿದೆ ಅಂದ, ಏನಿಲ್ಲ ಬಿಸಿಲು ಅಂದೆ. ಅತ್ತಿಗೆ ಹೋದ ಮೇಲೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದನ್ನು ನಾನು ಕಂಡದ್ದು ಇವತ್ತೇ, ತಾನೇ ಮಾಡಿಕೊಂಡಿದ್ದಾನೆ, ಕಾಲರಿನ ಹತ್ತಿರ ಒಂದು ಮಡಿಕೆ ಸುಟ್ಟು ಹಳದಿಯಾಗಿದೆ. ಬೆಳಗ್ಗೆಯಿಂದ ಅವನ ಕಣ್ಣು ಆ ಯಂತ್ರದ ಮೇಲೆಯೇ. ಇಪ್ಪತ್ತೆರಡು ವರ್ಷ ಇದೇ ಧಕ್ಕೆಯಲ್ಲಿ, ಫೆರಿ ಬಂದು ನಿಲ್ಲುವ ಈ ಕಟ್ಟೆಯಲ್ಲಿ, ಅದರ ಇಂಜಿನ್ ನೋಡಿಕೊಂಡವನು, ಯಾವ ಯಂತ್ರ ಕಂಡರೂ ಅದರ ಸುತ್ತ ಒಂದು ಸುತ್ತು ಹಾಕದೆ ಇರಲಾರ, ಹಾಕಿಯೂ ಬಂದ, ಎಂಟು ರೆಕ್ಕೆಗಳನ್ನೂ ಒಂದೊಂದಾಗಿ ಬಗ್ಗಿ ನೋಡಿ, ನಮ್ಮ ಕ್ಯಾಪ್ಟನ್ ಹತ್ತಿರ ನಿಂತು, ಇದು ಎಷ್ಟು ತೂಕ ಎತ್ತುತ್ತೆ ಸಾರ್ ಅಂತ ಕೇಳಿದ. ಕ್ಯಾಪ್ಟನ್ ಅಂದರೆ ನಮ್ಮ ಕಂಪನಿಯ ಮಾಲೀಕ, ವಿಮಾನ ಓಡಿಸಿದವನಲ್ಲ, ಕಾಲೇಜಿನ ಕ್ವಿಜ್ ತಂಡಕ್ಕೆ ಕ್ಯಾಪ್ಟನ್ ಆಗಿದ್ದನಂತೆ, ಹೆಸರು ಅಲ್ಲಿಂದ ಅಂಟಿಕೊಂಡದ್ದು, ವಾಯುಯಾನದ ಕಂಪನಿ ಶುರುಮಾಡುವಾಗ ಉಪಯೋಗಕ್ಕೆ ಬಂತು, ಮೊದಲ ಸಲ ನೋಡಿದವರೆಲ್ಲ ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಸದ್ಯಕ್ಕೆ ನಲವತ್ತು ಕೇಜಿ, ಮುಂದಿನ ಹಂತದಲ್ಲಿ ನೂರಿಪ್ಪತ್ತು ಅಂತ ಕ್ಯಾಪ್ಟನ್ ನಕ್ಕ. ಅಣ್ಣ ಒಂದು ರೆಕ್ಕೆಯನ್ನು ಬೆರಳಿಂದ ತಿರುಗಿಸಿ ನೋಡಿದ. ನಮ್ಮನೆಯವಳು ಅರವತ್ತೆರಡು ಇದ್ಲು ಸಾರ್, ಅಂದ. ಜಗಳಕ್ಕಲ್ಲ, ಇಂಜಿನ್ನಿಗೆ ಎಣ್ಣೆ ಎಷ್ಟು ಬೇಕು ಎಂದು ಹೇಳುವವನ ದನಿಯಲ್ಲಿ. ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈಯಿಟ್ಟು, ಅದಕ್ಕೇ ಅಲ್ವಾ ಅಣ್ಣಾ ಎರಡನೇ ಕಂತಿನ ಅನುದಾನ ಬೇಕಾಗಿರೋದು, ಅಂದ. ನನ್ನ ಅಣ್ಣನನ್ನು ಅವನು ಅಣ್ಣಾ ಎಂದದ್ದಕ್ಕೆ ನನಗೆ ಮೈಯೆಲ್ಲ ಅಂಟು ಅಂಟಾಯಿತು, ಯಾರೋ ಎಂಜಲು ಕೈಯನ್ನು ನಮ್ಮ ಮನೆಯ ಪರದೆಗೆ ಒರೆಸಿದ ಹಾಗೆ. ಮತ್ತೆ ನನ್ನ ಕೈ ಶುದ್ಧವೋ, ನಾನು ಯಾವ ಪರದೆಗೆ ಒರೆಸಿಲ್ಲ.

ನಾನು ಅರ್ಜಿ ಬರೆಯುವವನು. ಹುದ್ದೆಯ ಹೆಸರು ಉದ್ದವಿದೆ, ಮಾಡುವ ಕೆಲಸ ಇಷ್ಟೇ, ಸರಕಾರ ಹಣ ಕೊಡುತ್ತೇನೆ ಅಂದಲ್ಲೆಲ್ಲ ಕಂಪನಿಯ ಪರವಾಗಿ ಚೆಂದದ ಭಾಷೆಯಲ್ಲಿ ಕೇಳುವುದು. ಕ್ಯಾಪ್ಟನ್ ನನ್ನನ್ನು ಕವಿಗಳೇ ಅನ್ನುತ್ತಾನೆ, ಆಫೀಸಿನಲ್ಲಿ ಎಲ್ಲರೂ ಅನ್ನುತ್ತಾರೆ, ಗಾಜಿನ ಕೋಣೆಗಳು, ಗೋಡೆಯ ಮೇಲೆ ಮೋಡಗಳು, ಕಾಫಿ ಯಂತ್ರದ ಪಕ್ಕ ಒಣಗಿದ ಗಿಡ. ನವೀನ ವಾಯು ಸಂಚಾರ ಯೋಜನೆಗಳಿಗೆ ಸಾರ್ವಜನಿಕ ಅನುದಾನ — ಪ್ರಕಟಣೆ ಬಂದ ದಿನ ಕ್ಯಾಪ್ಟನ್ ಕುರ್ಚಿಯ ಮೇಲೆ ನಿಂತು ಓದಿದ, ಹೊಸತನಕ್ಕೆ ಮೂವತ್ತು ಅಂಕ, ತಾಂತ್ರಿಕ ಸಿದ್ಧತೆಗೆ ಮೂವತ್ತು, ಸಮಾಜಕ್ಕೆ ಆಗುವ ಉಪಯೋಗಕ್ಕೆ ನಲವತ್ತು. ಆಗ ನಮ್ಮದು ಆಂಬುಲೆನ್ಸ್ ಆಗಿರಲಿಲ್ಲ, ಸಿರಿವಂತರ ಟ್ಯಾಕ್ಸಿ ಆಗಿತ್ತು, ಕಟ್ಟಡದ ತಾರಸಿಯಿಂದ ವಿಮಾನ ನಿಲ್ದಾಣಕ್ಕೆ, ಅದೇ ಎಂಟು ರೆಕ್ಕೆ, ಅದೇ ನಲವತ್ತು ಕೇಜಿ, ಸಿರಿವಂತನ ಒಂದು ಸೂಟ್‌ಕೇಸ್ ಹೋದೀತು, ಸಿರಿವಂತ ಹೋಗುವುದಿಲ್ಲ. ಸಮಾಜಕ್ಕೆ ಏನು ಉಪಯೋಗ ಎಂದು ಎರಡು ವಾರ ತಲೆ ಕೆರೆದುಕೊಂಡ ಮೇಲೆ ಕ್ಯಾಪ್ಟನ್ ಒಂದು ಕೆಂಪು ಕೂಡಿಸುವ ಚಿಹ್ನೆಯನ್ನು ತಂದು ಅದರ ಹೊಟ್ಟೆಗೆ ಅಂಟಿಸಿದ, ನೋಡಿ ಕವಿಗಳೇ, ಆಂಬುಲೆನ್ಸ್ ಆಯ್ತು, ಈಗ ಇದಕ್ಕೊಂದು ಕಥೆ ಬೇಕು, ಓದಿದವರಿಗೆ ಕರುಳು ಚುರ್ ಅನ್ಬೇಕು, ಅಂದ. ಎಲ್ಲರೂ ಕೆಂಪು ಸ್ಟಿಕ್ಕರ್ ನೋಡಿದರು, ನಾನು ನೆಲ ನೋಡಿದೆ, ನೆಲ ನೋಡುತ್ತಲೇ, ನನ್ನ ಹತ್ರ ಒಂದು ಇದೆ, ಅಂದೆ. ಯಾರೂ ನನ್ನ ಕತ್ತು ಹಿಡಿದು ಹೇಳಿಸಲಿಲ್ಲ. ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಹಾಗೇ ಇದೆ, ನಾನೇ ಬಾಯಿ ತೆರೆದೆ, ಒಂದು ಸಾವು ಜೇಬಿನಲ್ಲಿತ್ತು, ತೆಗೆದು ಮೇಜಿನ ಮೇಲಿಟ್ಟೆ.

ಅಣ್ಣನನ್ನು ಕೇಳಿದೆ, ಕೇಳದೆ ಬರೆಯಲಿಲ್ಲ, ಇದನ್ನು ಹೇಳಿಕೊಂಡು ಎಷ್ಟು ದಿನ ನಿದ್ದೆ ಮಾಡಿದ್ದೇನೆ. ಅಣ್ಣಾ, ಅತ್ತಿಗೆ ವಿಷಯ ಒಂದು ಅರ್ಜಿಯಲ್ಲಿ ಬರೀಲಾ ಎಂದು ಫೋನಿನಲ್ಲಿ ಕೇಳಿದೆ, ಅವನ ಹಿಂದೆ ನೀರಿನ ಸದ್ದು. ಬರಿ ಕಣೋ, ಇನ್ನೊಬ್ಬರಿಗೆ ಹಂಗಾಗ್ದೇ ಇದ್ರೆ ಸಾಕು, ಅಂದ. ಬರೆದೆ. ಎರಡು ಪುಟ, ಒಂದೇ ಪಟ್ಟಿಗೆ, ಒಂದು ಅಕ್ಷರ ಸುಳ್ಳಿಲ್ಲದೆ, ಬರೆಯುವಾಗ ಅತ್ತುಬಿಟ್ಟೆ ಕೂಡ — ಛೀ, ಆ ಅಳುವನ್ನೂ ಆಮೇಲೆ ಕ್ಯಾಪ್ಟನ್‌ಗೆ ಹೇಳಿ ಮೆಚ್ಚುಗೆ ಪಡೆದೆ. ಅವನು ಓದಿ, ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು, ಅಂದ, ಕಣ್ಣು ಒಣಗಿಯೇ ಇತ್ತು, ಆಮೇಲೆ ಅರ್ಜಿಯ ಕೊನೆಯ ಪುಟ ತಿರುಗಿಸಿ ಒಂದು ಸಣ್ಣ ಚೌಕದ ಮೇಲೆ ಪೆನ್ನು ತಟ್ಟಿದ. ಈ ಯೋಜನೆ ತಾಯಿ ಮತ್ತು ಶಿಶುವಿನ ಆರೋಗ್ಯಕ್ಕೆ ನೆರವಾಗುತ್ತದೆಯೇ, ಹೌದು ಅಥವಾ ಇಲ್ಲ, ಹೌದಾದರೆ ಹೆಚ್ಚುವರಿ ಹತ್ತು ಅಂಕ. ನಿಮ್ಮ ಅತ್ತಿಗೆ ಎಷ್ಟು ವರ್ಷದವ್ರು ಕವಿಗಳೇ. ಮೂವತ್ತೆಂಟು. ಆಗ್ಬಹುದಲ್ಲ, ಅಂದ. ಏನು ಆಗಬಹುದು ಎಂದು ನನಗೆ ತಕ್ಷಣ ತಿಳಿಯಿತು, ತಿಳಿಯದವನ ಹಾಗೆ ಮುಖ ಮಾಡಿದೆ, ಅವನು ನನ್ನ ಮುಖಕ್ಕೆ ಬೇಕಾದಷ್ಟು ಸಮಯ ಕೊಟ್ಟ. ಎಂಟು ತಿಂಗಳು ಅಂತ ಹಾಕಿ, ಅಂದ. ಆಗಲ್ಲ, ಅಂದೆ. ಅರ್ಧ ಗಂಟೆ ಚೌಕಾಸಿ ನಡೆಯಿತು, ಅವನು ಎಂಟರಿಂದ ಏಳಕ್ಕಿಳಿದ, ಐದಕ್ಕಿಳಿದ, ಕೊನೆಗೆ ನಾನು ಗೆದ್ದೆ, ತಿಂಗಳು ಬರೆಯುವುದಿಲ್ಲ, ಬರೀ ಗರ್ಭಿಣಿ ಎಂದು ಬರೆಯುತ್ತೇನೆ, ಅಷ್ಟೇ, ಅಂದೆ. ಆ ಸಂಜೆ ಮನೆಗೆ ಹೋಗುವಾಗ ಏನೋ ಕಾಪಾಡಿದವನ ಹಾಗೆ ಎದೆ ಉಬ್ಬಿತ್ತು ನನಗೆ, ತಿಂಗಳು ಬರೆಯದವನು, ಪ್ರಾಮಾಣಿಕ, ಮೂರೇ ಅಕ್ಷರದ ಸುಳ್ಳುಗಾರ.

ಅತ್ತಿಗೆ ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡು, ಅಮ್ಮ ಇರಲಿಲ್ಲ. ಧಕ್ಕೆಯ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು, ಅಣ್ಣ ಕೆಳಗೆ ಇಂಜಿನ್ನಿನಲ್ಲಿ, ಅವಳು ಮೇಲೆ ಕಿಟಕಿಯಲ್ಲಿ, ಅವರ ಮದುವೆಯಾದದ್ದೂ ಹಾಗೇ, ದಿನಕ್ಕೆ ಹದಿನಾರು ಸಲ ಕೂಗಿ ಮಾತಾಡಬೇಕಾದ್ದರಿಂದ. ಟಿಕೆಟ್ ರೋಲು ಮುಗಿಯುವಾಗ ಉಳಿಯುವ ಕೆಂಪು ಗೆರೆಯ ಖಾಲಿ ಕಾಗದವನ್ನು ನನಗೆ ತಂದುಕೊಡುತ್ತಿದ್ದಳು, ತಗೋ ಮರಿ, ಬರಿ, ನಾನು ಬರೆದ ಕಥೆಗಳು ಗೇಣಗಲ ಇದ್ದು ಮಾರುದ್ದ ಇರುತ್ತಿದ್ದವು, ಓದಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಿದ್ದಳು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಎಲ್ಲ ತಾಯಂದಿರೂ ಸುಳ್ಳು ಹೇಳುತ್ತಿದ್ದರು, ಒಂದು ಸಲ ಒಬ್ಬ ಹುಡುಗ, ನಂಗೆ ಆರು, ಮೊನ್ನೆ ಹಲ್ಲು ಬಿತ್ತು ಎಂದು ಬಾಯಿ ತೆರೆದು ತೋರಿಸಿದ, ತಾಯಿ ಅವನ ತೊಡೆ ಚಿವುಟಿದಳು, ಅತ್ತಿಗೆ ಗಂಭೀರವಾಗಿ, ನನ್ನ ಕೌಂಟರಲ್ಲಿ ಎಲ್ಲಾರ್ಗೂ ನಾಲ್ಕೂವರೆನೇ, ಹೋಗು, ಅಂದಳು. ಅವಳಿಗೆ ಮಕ್ಕಳಾಗಲಿಲ್ಲ. ಹತ್ತು ವರ್ಷ ಆಚೆ ದಡದ ಆಸ್ಪತ್ರೆಗೆ ಹೋದರು, ಅಣ್ಣ ರಜೆ ಹಾಕಿದ ದಿನವೆಲ್ಲ ಅದೇ, ತಾನು ಓಡಿಸುವ ಫೆರಿಯಲ್ಲಿ ಪ್ರಯಾಣಿಕನಾಗಿ ಕೂತು ಹೋಗುತ್ತಿದ್ದ, ವಾಪಸು ಬರುವಾಗ ಇಬ್ಬರೂ ನೀರು ನೋಡುತ್ತಿದ್ದರು. ಹತ್ತನೇ ವರ್ಷ ಅವಳು ಆ ಫೈಲನ್ನು ಮಂಚದ ಕೆಳಗಿನ ಪೆಟ್ಟಿಗೆಗೆ ಹಾಕಿ, ಸಾಕು ಇನ್ನು, ನಂಗೆ ನಿಮ್ಮ ತಮ್ಮ ಒಬ್ಬ ಇದಾನಲ್ಲ, ಅಂದಳಂತೆ. ಅಣ್ಣ ಇದನ್ನು ನನಗೆ ಒಮ್ಮೆ ಮಾತ್ರ ಹೇಳಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ — ಗೊತ್ತಿಲ್ಲದ ಯಾವನೋ ಬರೆದಿದ್ದರೆ ಅದು ಸುಳ್ಳು, ಗೊತ್ತಿದ್ದವನು ಬರೆದರೆ ಅದಕ್ಕೆ ಹೆಸರೇ ಇಲ್ಲ, ಮುಟ್ಟಿದರೆ ಕೈ ತೊಳೆಯಬೇಕಾದದ್ದು ಅದು.

ಉಬ್ಬಸ ಅವಳಿಗೆ ಮೊದಲಿನಿಂದ ಇತ್ತು. ಆ ದಿನ ಮಧ್ಯಾಹ್ನ ಕೌಂಟರಿನಲ್ಲೇ ಹಿಡಿಯಿತು, ಉಬ್ಬಸದ ಪಂಪನ್ನು ಬಾಯಿಗಿಟ್ಟು ಎಳೆದರೂ ಇಳಿಯಲಿಲ್ಲ, ಆಂಬುಲೆನ್ಸ್ ಬಂತು, ಆಸ್ಪತ್ರೆ ಆಚೆ ದಡ, ಸೇತುವೆ ನಲವತ್ತು ಕಿಲೋಮೀಟರ್ ದೂರ, ಫೆರಿ ಇದೆಯಲ್ಲ ಎಂದು ಎಲ್ಲರೂ ಅಂದರು, ಆಂಬುಲೆನ್ಸನ್ನು ಫೆರಿಯ ಮೇಲೆ ಹತ್ತಿಸಿದರು, ಫೆರಿಯ ಇಂಜಿನ್ ಹಿಡಿಯಲಿಲ್ಲ. ಡೀಸೆಲ್ ಪಂಪ್ ಸವೆದುಹೋಗಿತ್ತು. ಅದನ್ನು ಬದಲಾಯಿಸಿ ಎಂದು ಅಣ್ಣ ಇಲಾಖೆಗೆ ಮೂರು ಸಲ ಬರೆದಿದ್ದ, ಬರೆದುಕೊಟ್ಟವನು ನಾನೇ, ನೇರ ಮಾತು, ಅರ್ಧ ಪುಟ, ಪಂಪ್ ಹಳತಾಗಿದೆ, ಯಾವತ್ತಾದರೂ ನಡುನೀರಲ್ಲಿ ನಿಲ್ಲುತ್ತದೆ, ಜೀವಕ್ಕೆ ಅಪಾಯ, ದಯವಿಟ್ಟು. ಉತ್ತರ ಬರಲಿಲ್ಲ. ಅರ್ಧ ಪುಟದ ನಿಜಕ್ಕೆ ಬರದ ಉತ್ತರ ಅರವತ್ತು ಪುಟದ ಅರ್ಜಿಗೆ ಆರು ವಾರದಲ್ಲಿ ಬಂತು. ಅಣ್ಣ ಇಂಜಿನ್ನಿನ ಗುಂಡಿಗಿಳಿದ, ನಾನು ಆಂಬುಲೆನ್ಸಿನೊಳಗೆ ಅತ್ತಿಗೆಯ ಪಕ್ಕ ಕೂತೆ, ಐವತ್ತು ನಿಮಿಷ, ಕೆಳಗಿನಿಂದ ಇಂಜಿನ್ ಕೆಮ್ಮುವುದು ಕೇಳುತ್ತಿತ್ತು, ಅವಳು ಕೆಮ್ಮುವುದು ಇಲ್ಲಿ, ಒಂದು ಹಂತದ ಮೇಲೆ ಯಾವುದು ಯಾವುದೆಂದು ತಿಳಿಯದಾಯಿತು, ಆಕ್ಸಿಜನ್ನಿನ ಮುಳ್ಳು ಕೆಂಪು ಗೆರೆಗೆ ಬಂತು, ಅವಳು ಮುಖವಾಡ ಸರಿಸಿ, ಮರಿ, ಕೌಂಟರ್‌ಗೆ ಬೀಗ ಹಾಕಿದೀನಾ ನೋಡು, ಅಂದಳು, ಅಷ್ಟೇ, ಅದೇ ಕೊನೆಯದು. ಆ ಹೊತ್ತಿಗೆ ಇಂಜಿನ್ ಹಿಡಿಯಿತು. ಅಣ್ಣ ಗೆದ್ದವನ ಹಾಗೆ ಮೇಲೆ ಓಡಿಬಂದ. ಅವಳು ಏನಂದಳು ಎಂದು ಅವನು ನನ್ನನ್ನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ, ಬೀಗದ ಮಾತನ್ನು ಹೇಗೆ ಹೇಳುವುದು.

ಸಮಿತಿಯ ಮುಂದೆ ನಮ್ಮನ್ನು ಕರೆದ ದಿನ ಉದ್ದ ಮೇಜಿನ ಆಚೆ ಐದು ಜನ ಕೂತಿದ್ದರು, ನಾಲ್ವರು ಬಿಸ್ಕತ್ತು ತಿನ್ನುತ್ತಿದ್ದರು, ಒಬ್ಬರು ಮಾತ್ರ ಓದಿಕೊಂಡು ಬಂದಿದ್ದರು, ದಪ್ಪ ಕನ್ನಡಕದ ಮೇಡಂ. ಅವರು ನನ್ನ ಎರಡು ಪುಟಗಳ ಮೇಲೆ ಕೈಯಿಟ್ಟು, ಇದನ್ನ ಓದಿ ರಾತ್ರಿ ಊಟ ಸೇರ್ಲಿಲ್ಲ ನಂಗೆ, ಆದ್ರೆ ಒಂದು ಪ್ರಶ್ನೆ, ಆ ಫೆರಿಗೆ ಒಂದು ಪಂಪ್ ಹಾಕಿದ್ರೆ ಆಗ್ತಿರ್ಲಿಲ್ವಾ, ಅಂದರು. ನನ್ನ ನಾಲಿಗೆಯ ತುದಿಯಲ್ಲಿತ್ತು, ಆಗ್ತಿತ್ತು ಮೇಡಂ, ಅಷ್ಟೇ ಸಾಕಿತ್ತು. ಕ್ಯಾಪ್ಟನ್ ಮುಂದೆ ಬಾಗಿ ತಣ್ಣಗೆ, ಮೇಡಂ, ನೀವು ಹೇಳೋದು ಸರಿ, ಆದ್ರೆ ಪಂಪ್ ಬದಲಾಯಿಸೋದು ನವೀನ ಅಲ್ವಲ್ಲ, ಅಂದ. ನಾಲ್ವರೂ ತಲೆಯಾಡಿಸಿದರು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು, ನಾನು ಬಿಸ್ಕತ್ತಿನ ತಟ್ಟೆ ನೋಡಿದೆ, ಅದರಲ್ಲಿ ಮೇಲೆ ಕೆನೆ ಇರುವ ಒಂದು ಉಳಿದಿತ್ತು, ಆಮೇಲೆ ಅದನ್ನು ತಿಂದವನೂ ನಾನೇ, ಏನು ನಾಚಿಕೆಗೇಡಿನ ಬಾಯಿ ಇದು. ಹತ್ತು ಹೆಚ್ಚುವರಿ ಅಂಕ ಸೇರಿ ನಮಗೆ ಎಂಬತ್ತೆಂಟು, ನಮ್ಮ ಹಿಂದಿನವರಿಗೆ ಎಂಬತ್ತೊಂದು, ಅವರದ್ದು ಏನೋ ಗಾಳಿಯ ದಿಕ್ಕು ಅಳೆಯುವ ಸಾಧನ, ಇಬ್ಬರು ಮುದುಕರು ಸೇರಿ ಕಟ್ಟಿದ್ದು, ಕೆಲಸ ಮಾಡುತ್ತಿತ್ತಂತೆ. ಆ ಮೂರು ಅಕ್ಷರ ಇಲ್ಲದಿದ್ದರೆ ಅವರಿಗೆ ಹೋಗಬೇಕಾದದ್ದು. ಆಫೀಸಿನಲ್ಲಿ ಕೇಕು ಕತ್ತರಿಸಿದರು, ಮೋಡದ ಆಕಾರದ ಕೇಕು, ಕವಿಗಳೇ ಮೊದಲ ತುಂಡು ನಿಮ್ಗೆ, ಕ್ಯಾಪ್ಟನ್ ತನ್ನ ಕೈಯಿಂದ ತಿನ್ನಿಸಿದ, ಅವನ ಹೆಬ್ಬೆರಳು ನನ್ನ ತುಟಿಗೆ ತಾಗಿತು, ಇವತ್ತಿಗೂ ಅಲ್ಲಿ ಜಿಡ್ಡು ಇದ್ದ ಹಾಗೆ ಒರೆಸಿಕೊಳ್ಳುತ್ತೇನೆ.

ಮತ್ತೆ ಇವತ್ತು, ಇದೇ ಧಕ್ಕೆಯಲ್ಲಿ, ಪ್ರದರ್ಶನ ಹಾರಾಟ. ಎರಡನೇ ಕಂತು ಬಿಡುಗಡೆಯಾಗಬೇಕಾದರೆ ಫಲಾನುಭವಿ ಕುಟುಂಬದ ಸಮ್ಮುಖದಲ್ಲಿ ಹಾರಿಸಿ ತೋರಿಸಬೇಕು ಎಂದು ಅನುದಾನದ ಷರತ್ತಿನಲ್ಲಿದೆಯಂತೆ. ಫಲಾನುಭವಿ — ಅಣ್ಣನಿಗೆ ಏನು ಫಲ, ಯಾವ ಅನುಭವ. ನಾನು ಬೇಡ ಅಂದಿದ್ದೆ, ಅಣ್ಣನಿಗೆ ಆಗುವುದಿಲ್ಲ ಅಂದಿದ್ದೆ, ಅವನು ಆರೋಗ್ಯವಾಗಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದ್ದೆ, ಕ್ಯಾಪ್ಟನ್ ನೇರವಾಗಿ ಅಣ್ಣನಿಗೇ ಫೋನ್ ಮಾಡಿದ, ಯಾಕೆ ಬರ್ದೇ ಇರ್ಲಿ, ಅವಳ ಹೆಸ್ರಲ್ಲಿ ನಡೀತಿರೋ ಕೆಲಸ, ಅಂದನಂತೆ ಅಣ್ಣ. ಕಟ್ಟಿಹಾಕಿದ ಫೆರಿ ಆಚೆ ಕಾಣಿಸುತ್ತಿದೆ, ಪಕ್ಕೆಯಲ್ಲಿ ತುಕ್ಕು ಇಳಿದ ಗೆರೆಗಳು, ಅದು ಫೋಟೋದಲ್ಲಿ ಬರಬಾರದೆಂದು ಮುಂದೆ ಬ್ಯಾನರ್ ಎಳೆದಿದ್ದಾರೆ, ಬ್ಯಾನರ್ ಗಾಳಿಗೆ ಎದ್ದಾಗಲೆಲ್ಲ ಕಾಣುತ್ತದೆ. ಯಂತ್ರದ ಹೊಟ್ಟೆಯ ಕೆಳಗೆ ಸ್ಟ್ರೆಚರ್ ಕಟ್ಟಿದ್ದಾರೆ, ಅದರಲ್ಲಿ ಸ್ಪಂಜಿನ ಬೊಂಬೆ, ಒಂಬತ್ತು ಕೇಜಿ, ಮಾಲಿನಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವಂಥದ್ದು, ಹೊಟ್ಟೆಗೆ ದಿಂಬು ಇಟ್ಟು ಮೇಲೆ ಹೊದಿಕೆ ಬಿಗಿದಿದ್ದಾರೆ, ಅಣ್ಣ ಅದನ್ನು ನೋಡಿದ, ಏನದು ಉಬ್ಬಿರೋದು ಅಂತ ಕೇಳಿದ, ಆಕ್ಸಿಜನ್ ಇರ್ಬೇಕು, ಅಂದೆ. ಎಷ್ಟು ಬೇಗ ಬರುತ್ತದೆ ನನಗೆ. ಕೇಳುವುದೇ ತಡ. ನಿರೂಪಕಿ ಮೈಕಿನ ಮುಂದೆ ಬಂದಳು, ಗಂಟಲು ಸರಿಮಾಡಿಕೊಂಡಳು, ಇಲ್ಲ, ಓದುವುದಿಲ್ಲ, ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ, ನಾನೇ ಬೆಳಗ್ಗೆ ಎರಡು ಸಲ ಪಟ್ಟಿ ನೋಡಿದ್ದೇನೆ, ಹಾರಾಟಕ್ಕೂ ಮುನ್ನ ಈ ಕನಸು ಹುಟ್ಟಿದ ಕಥೆಯನ್ನು ನಾವು ಕೇಳಲೇಬೇಕು, ಅಂದಳು, ಕೈಯಲ್ಲಿ ಅದೇ ಕೈಪಿಡಿ, ಮೂರನೇ ಪುಟ. ಚೆನ್ನಾಗಿ ಓದುತ್ತಾಳೆ ದರಿದ್ರದವಳು, ನಿಲ್ಲಿಸಬೇಕಾದಲ್ಲಿ ನಿಲ್ಲಿಸುತ್ತಾಳೆ. ಈ ದಡದಲ್ಲಿ ಒಬ್ಬ ಹೆಣ್ಣುಮಗಳು. ಆಚೆ ದಡದಲ್ಲಿ ಆಸ್ಪತ್ರೆ. ನಡುವೆ ನೀರು. ಎದ್ದು ಕೂಗಲೇ, ಕುರ್ಚಿ ಉರುಳಿಸಲೇ, ಎದೆನೋವು ಎಂದು ಬಿದ್ದುಬಿಡಲೇ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಆಕೆ ಗರ್ಭಿಣಿ, ಎಂದು ಓದಿದಳು. ನಿಲ್ಲಿಸಿದಳು. ಸೋಫಾದ ಕತ್ತುಗಳೆಲ್ಲ ಒಂದೇ ಸಲ ಒಂದು ಕಡೆಗೆ ವಾಲಿದವು, ಯಾರೋ ಚ್ ಚ್ ಅಂದರು.

ಅಣ್ಣ ಅಲುಗಲಿಲ್ಲ. ಬೇರೆ ಯಾರದೋ ಕಥೆ ಎಂದುಕೊಂಡನೇನೋ, ಹಾಗೆ ಅಂದುಕೊಳ್ಳಲಿ, ದೇವರೇ ಹಾಗೇ ಅಂದುಕೊಳ್ಳಲಿ, ಆದರೆ ಅವಳು ಮುಂದೆ ಓದಿದಳು, ಧಕ್ಕೆಯ ಟಿಕೆಟ್ ಕೌಂಟರ್, ಐವತ್ತು ನಿಮಿಷ, ಕೆಳಗೆ ಇಂಜಿನ್ನಿನೊಂದಿಗೆ ಸೆಣಸುತ್ತಿದ್ದ ಗಂಡ, ಕೈತಪ್ಪಿಹೋದ ತಾಯಿ, ಬೆಳಕು ಕಾಣದ ಕೂಸು. ಚಪ್ಪಾಳೆ. ಸಾವಿಗೆ ಚಪ್ಪಾಳೆ ತಟ್ಟಿದರು. ಅಣ್ಣ ನಿಧಾನಕ್ಕೆ ನನ್ನ ಕಡೆ ತಿರುಗಿದ, ನಾನು ಏಟಿಗೆ ಕೆನ್ನೆ ಸಿದ್ಧಮಾಡಿಕೊಂಡೆ, ಹೊಡೆಯಲಿ, ಎಲ್ಲರೆದುರು ಹೊಡೆಯಲಿ, ಹೊಡೆದರೆ ಬದುಕಿಕೊಂಡೆ ಎಂದು ಆಸೆಪಟ್ಟೆ ಕೂಡ, ಆದರೆ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ನಿನ್ನ ಹತ್ರ ಹೇಳಿದ್ಲಾ, ಅಂದ. ಏನು, ಅಂದೆ. ಆಂಬುಲೆನ್ಸಲ್ಲಿ ಹೇಳಿದ್ಲಾ, ನಂಗೆ ಹೇಳಿರ್ಲಿಲ್ಲ ಕಣೋ, ಅಂದ, ದನಿ ಒಂದು ಎಳೆಯಷ್ಟು ಸಣ್ಣದಾಗಿತ್ತು, ಮತ್ತೆ ಆಸೆಪಟ್ಟು ಮತ್ತೆ ಹೋದ್ರೆ ಅಂತ ಹೇಳಿರ್ಲಿಕ್ಕಿಲ್ಲ, ಅವಳು ಹಂಗೇ, ಆ ತಿಂಗಳು ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತೋಳು, ನಾನು ಉಬ್ಬಸ ಅಂದ್ಕೊಂಡೆ. ಅವನು ನಂಬಿದ್ದ. ನಾನು ಯಾವ ಸಮಿತಿಗೆ ಬರೆದೆನೋ ಆ ಸಮಿತಿಯ ಐವರಿಗಿಂತ ಚೆನ್ನಾಗಿ ನಂಬಿದ್ದ, ನಾನು ಬರೆಯದೆ ಬಿಟ್ಟದ್ದನ್ನೂ ತಾನೇ ತುಂಬಿಕೊಳ್ಳುತ್ತಿದ್ದ, ಹದಿನಾರು ವರ್ಷ ಜೊತೆಗಿದ್ದವಳ ಒಂದೊಂದು ದಿನವನ್ನೂ ತೆಗೆದು ನನ್ನ ಸುಳ್ಳಿಗೆ ಹೊಂದಿಸಿ ನೋಡುತ್ತಿದ್ದ, ಹೊಂದುತ್ತಿತ್ತು. ಎಷ್ಟು ತಿಂಗಳಾಗಿತ್ತು, ಅಂದ. ಸಾಕು ಇನ್ನು ಎಂದು ಬಾಯಿ ತೆರೆದೆ, ಆ ಕ್ಷಣಕ್ಕೇ ಎಂಟೂ ರೆಕ್ಕೆಗಳು ತಿರುಗತೊಡಗಿದವು.

ಸದ್ದು ಎಂದರೆ ಸದ್ದಲ್ಲ, ಹಲ್ಲುಗಳು ನಡುಗುತ್ತವೆ, ಕುರ್ಚಿಗಳು ನಡುಗುತ್ತವೆ, ಧೂಳು, ಕೈಪಿಡಿಗಳು ಹಾರಿಹೋಗುತ್ತಿವೆ, ಆ ಸದ್ದಿನೊಳಗೆ ನಾನು ಅವನ ಕಿವಿಗೆ ಬಾಯಿಟ್ಟು ಹೇಳಿದೆ, ಹೇಳಿದ್ದು ನಿಜ, ಇದೊಂದಕ್ಕೆ ಯಾರೂ ಇಲ್ಲವೆನ್ನಲಾರರು, ಅಣ್ಣಾ ನಾನೇ ಬರೆದೆ, ನಾನೇ ಬರೆದೆ ಅದನ್ನ, ಬರೆದೆ, ಬರೆದೆ, ಎಂದು ಕೂಗಿದೆ. ಅವನು ಕಿವಿಗೆ ಕೈ ಹಿಡಿದ, ಹುಬ್ಬು ಗಂಟಿಕ್ಕಿದ, ಆಮೇಲೆ ಗಂಟು ಬಿಚ್ಚಿತು. ಎರಡು ಬೆರಳು ಎತ್ತಿ ತೋರಿಸಿದ. ಎರಡೇನಾ, ಅಂದ, ತುಟಿಯ ಅಲುಗಾಟದಿಂದ ತಿಳಿಯಿತು, ನನ್ನ ಬರೆದೆ ಅವನ ಕಿವಿಗೆ ಎರಡೇ ಎಂದು ಬಿದ್ದಿತ್ತು. ಅವನ ಮುಖ — ಹಾಗೆ ಬೆಳಗಿದ ಮುಖವನ್ನು ನಾನು ಅವನ ಮದುವೆಯ ದಿನ ಬಿಟ್ಟರೆ ಕಂಡಿಲ್ಲ, ಅವನಿಗೆ ಎರಡು ತಿಂಗಳ ಮಗು ಇತ್ತು, ನನ್ನೆದುರು, ಈಗ ತಾನೇ ಹುಟ್ಟಿತು, ನಾನು ತಲೆ ಅಲ್ಲಾಡಿಸಬೇಕಿತ್ತು, ಅಲ್ಲಾಡಿಸಿದೆ, ಅಡ್ಡಕ್ಕಲ್ಲ, ಮೇಲೆ ಕೆಳಗೆ. ಹೌದು ಎಂದು. ಚೌಕಕ್ಕೆ ಗುರುತು ಹಾಕಿದ ಹಾಗೆ. ಯಂತ್ರ ಒಂಬತ್ತು ಕೇಜಿಯ ಬೊಂಬೆಯನ್ನು ಎತ್ತಿಕೊಂಡು ಹದಿನೈದು ಅಡಿ ಏರಿತು, ಒಂದು ಸುತ್ತು ಹಾಕಿತು, ಸೋಫಾದವರು ಎದ್ದು ನಿಂತರು, ಕ್ಯಾಪ್ಟನ್ ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಈ ಸಲ ನಿಜವಾಗಿ ಒದ್ದೆ, ಎರಡನೇ ಕಂತು ಬಂತು, ಯಂತ್ರ ಇಳಿಯಿತು, ರೆಕ್ಕೆಗಳು ನಿಂತವು. ನಿಶ್ಶಬ್ದ. ಈಗ ಹೇಳಬಹುದು, ಈಗ ಎಲ್ಲ ಕೇಳುತ್ತದೆ, ಪಿಸುಗುಟ್ಟಿದರೂ ಕೇಳುತ್ತದೆ. ಅಣ್ಣ ಯಂತ್ರವನ್ನು ನೋಡುತ್ತಿಲ್ಲ. ಬ್ಯಾನರಿನ ಆಚೆ ಫೆರಿಯ ಕಡೆ ನೋಡುತ್ತಿದ್ದಾನೆ, ಆ ಇಂಜಿನ್ನಿನ ಗುಂಡಿಯ ಕಡೆ, ಮುಖದ ಬೆಳಕು ಒಂದೊಂದೇ ಮೆಟ್ಟಿಲಾಗಿ ಇಳಿಯುತ್ತಿದೆ, ಇಳಿದು, ಇಳಿದು. ಎತ್ತಿದ ಬೆರಳುಗಳನ್ನು ಅವನು ಇಳಿಸಿಲ್ಲ, ಮರೆತಿದ್ದಾನೆ, ಅವು ಅವನ ಮೊಣಕಾಲ ಮೇಲೆ ಹಾಗೇ ನಿಂತಿವೆ, ಈಗ ಬಗ್ಗಿ ಅವುಗಳನ್ನೇ ನೋಡಿದ, ಎಣಿಸುವವನ ಹಾಗೆ, ಒಂದು, ಮತ್ತೆ ಒಂದು. ಇಬ್ಬರು, ಅಂದ, ನನಗಲ್ಲ, ಇಬ್ರೂ ಮೇಲಿದ್ರು, ನಾನು ಕೆಳಗೆ ಆ ಪಂಪ್ ಹಿಡ್ಕೊಂಡು ಕೂತಿದ್ದೆ. ಹೇಳು, ಈಗ ಹೇಳು, ಒಂದು ಮಾತು, ಮೂರು ಅಕ್ಷರ, ಬಾಯಿ ತೆರೆದಿದೆ ನನ್ನದು, ಒಳಗೆ ಏನೂ ಇಲ್ಲ, ಇಸ್ತ್ರಿಯ ಪ್ಯಾಂಟಿನ ಗೆರೆಯ ಮೇಲೆ ಅವನ ಎರಡು ಬೆರಳು, ಚಪ್ಪಾಳೆ ಶುರುವಾಗಿದೆ, ಎರಡು ಬೆರಳು, ಮಡಚುತ್ತಿಲ್ಲ ಅವನು, ಎರಡು ಬೆರಳು